ಪಿಎಚ್‌ಡಿ ಮಾಡೋರಿಗೆ: ಮೊದಲ್ನೇ ದಿನದಿಂದ್ಲೇ ಬರ್ದಿಡಿ

ಪಿಎಚ್‌ಡಿ ಸೇರ್ಬೇಕು ಅಂತಿರೋರು, ಈಗಷ್ಟೇ ರಿಜಿಸ್ಟ್ರೇಶನ್ ಆಗಿರೋರು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಟಾಪಿಕ್ ಯಾವ್ದು ತಗೋಳ್ಲಿ ಅಂತ. ಟಾಪಿಕ್ ಹೆಂಗೋ ಆಗತ್ತೆ ಬಿಡಿ, ಮಧ್ಯದಲ್ಲಿ ಒಂದೆರಡು ಸಲ ಬದಲಾಗೂ ಆಗತ್ತೆ. ನಾನು ನೋಡಿರೋ ಹಂಗೆ ಅರ್ಧಕ್ಕೆ ನಿಂತೋಗಿರೋ ಪಿಎಚ್‌ಡಿಗಳು ಬುದ್ಧಿ ಸಾಲ್ದೆ ನಿಂತಿಲ್ಲ, ಎಲ್ಲಾ ಬಾಯ್ಮಾತಲ್ಲೇ ನಡ್ಕೊಂಡ್ ಹೋಗಿ ಹಾಳೆ ಮೇಲೆ ಏನೂ ಇಳೀದೇ ಇರೋದ್ರಿಂದ ನಿಂತಿವೆ. ಗೈಡ್ ಏನೋ ಹೇಳಿದ್ರು, ಇವ್ರು ಏನೋ ಕೇಳಿಸ್ಕೊಂಡ್ರು, ಆಫೀಸಲ್ಲಿ ಇನ್ನೇನೋ ಅಂದ್ರು, ಓದಿದ್ದು ತಲೇಲಿದೆ ಅಂದ್ಕೊಂಡ್ರು, ಮೂರು ವರ್ಷ ಆದ್ಮೇಲೆ ನೋಡಿದ್ರೆ ಕೈಯಲ್ಲಿ ಒಂದು ಅಧ್ಯಾಯನೂ ಇಲ್ಲ. ಅದಕ್ಕೆ ಕೆಳಗೆ ಹೇಳೋದ್ರಲ್ಲಿ ಮುಕ್ಕಾಲು ಪಾಲು ಬರ್ದಿಡೋದರ ಬಗ್ಗೆನೇ. ನಾನು ಹ್ಯುಮಾನಿಟೀಸ್ ಕಡೆಯವ್ನು, ಲ್ಯಾಬಲ್ಲಿರೋರು ತಮಗೆ ಬೇಕಾದಷ್ಟು ತಗೊಳ್ಳಿ.

ಮೊದ್ಲು ಗೈಡ್ ವಿಷ್ಯ. ದೊಡ್ಡ ಹೆಸರು ನೋಡಿ ಹೋಗ್ಬೇಡಿ, ಅವರ ಕೈಕೆಳಗೆ ಎಷ್ಟು ಜನ ಮುಗ್ಸಿದಾರೆ, ಎಷ್ಟು ವರ್ಷಕ್ಕೆ ಮುಗ್ಸಿದಾರೆ ಅದನ್ನ ನೋಡಿ. ಹೆಂಗೆ ಅಂತೀರಾ, ಶೋಧಗಂಗಾ ಅಂತ ಸೈಟ್ ಇದೆ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯೋರು ನಡೆಸೋದು, ದೇಶದ ಯೂನಿವರ್ಸಿಟಿಗಳ ಥೀಸಿಸ್‌ಗಳು ಅಲ್ಲಿ ಸಿಗತ್ವೆ, ಗೈಡ್ ಹೆಸರು ಹಾಕಿ ಹುಡುಕ್ಬೋದು. ನಿಮ್ಮ ಗೈಡ್ ಆಗೋರು ಸೈನ್ ಮಾಡಿರೋ ಎರಡು ಮೂರು ಥೀಸಿಸ್ ಇಳಿಸ್ಕೊಂಡು ಓದಿ, ಅವ್ರು ಎಷ್ಟು ಗಟ್ಟಿ ಕೆಲಸ ತೆಗೀತಾರೆ, ಎಷ್ಟಕ್ಕೆ ಒಪ್ಕೋತಾರೆ ಅನ್ನೋದು ಯಾರನ್ನೂ ಕೇಳದೇನೇ ಗೊತ್ತಾಗತ್ತೆ. ಆಮೇಲೆ ಸೀನಿಯರ್‌ಗಳನ್ನ ಕೇಳಿ, ಆದ್ರೆ ಡಿಪಾರ್ಟ್‌ಮೆಂಟ್ ಕಾರಿಡಾರಲ್ಲಿ ಕೇಳ್ಬೇಡಿ, ಅಲ್ಲಿ ಎಲ್ಲರ್ ಗೈಡೂ ದೇವ್ರೇ. ಹೊರಗೆ ಟೀ ಕುಡಿಯೋಕೆ ಕರ್ಕೊಂಡೋಗಿ ಕೇಳಿ. ಇನ್ನೊಂದು, ಯುಜಿಸಿ, ಅಂದ್ರೆ ದೇಶದ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಆಯೋಗ, ಅದರ 2022ರ ನಿಯಮದಲ್ಲಿ ಪ್ರೊಫೆಸರ್ ಆದ್ರೆ ಒಂದು ಸಲಕ್ಕೆ 8 ಜನ, ಅಸೋಸಿಯೇಟ್ ಆದ್ರೆ 6, ಅಸಿಸ್ಟೆಂಟ್ ಆದ್ರೆ 4 ಜನಕ್ಕೆ ಮಾತ್ರ ಗೈಡ್ ಮಾಡ್ಬೋದು, ರಿಟೈರ್ಮೆಂಟಿಗೆ ಮೂರು ವರ್ಷಕ್ಕಿಂತ ಕಮ್ಮಿ ಇರೋರು ಹೊಸಬರನ್ನ ತಗೊಳಂಗಿಲ್ಲ. ಇದನ್ನ ಮೊದ್ಲೇ ಲೆಕ್ಕ ಹಾಕ್ಕೊಳಿ, ಇಲ್ಲಾಂದ್ರೆ "ನನ್ ಹತ್ರನೇ ಬಾರಪ್ಪಾ" ಅಂದಿದ್ದನ್ನ ನಂಬ್ಕೊಂಡು ಒಂದು ವರ್ಷ ಕಾಯೋ ಹಂಗಾಗತ್ತೆ.

ಎಂಟ್ರೆನ್ಸ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. 2024ರ ಜೂನ್‌ನಿಂದ ಯುಜಿಸಿಯ ನೆಟ್ ಪರೀಕ್ಷೆ ರಿಸಲ್ಟ್ ಮೂರು ಥರ ಬರತ್ತೆ, ಜೆಆರ್‌ಎಫ್ (ತಿಂಗಳು ತಿಂಗಳು ದುಡ್ಡು ಬರೋ ಫೆಲೋಶಿಪ್), ಅಸಿಸ್ಟೆಂಟ್ ಪ್ರೊಫೆಸರ್ ಜೊತೆಗೆ ಪಿಎಚ್‌ಡಿ, ಬರೀ ಪಿಎಚ್‌ಡಿ. ಕೊನೆ ಎರಡರಲ್ಲಿ ಪಾಸಾಗಿರೋರ ಸ್ಕೋರು ಪಿಎಚ್‌ಡಿ ಅಡ್ಮಿಶನ್ನಿಗೆ ಒಂದೇ ವರ್ಷ ನಡೆಯೋದು, ಅದು ನೆನಪಿರಲಿ. ಮಿಕ್ಕಿದ್ದು ನಿಮ್ ಯೂನಿವರ್ಸಿಟಿ ನೋಟಿಫಿಕೇಶನ್ ಓದ್ಕೊಳಿ.

ಇನ್ನ ಗೈಡ್ ಸಿಕ್ಕಿದ್ಮೇಲೆ ಮಾಡ್ಬೇಕಾದ್ದು. ಪ್ರತಿ ಸಲ ಭೇಟಿ ಆದ್ಮೇಲೆ ಅವತ್ತು ರಾತ್ರಿನೇ ನಾಕು ಲೈನ್ ಮೇಲ್ ಹಾಕಿ. ಉದ್ದುದ್ದ ಬೇಡ. "ಸರ್, ಇವತ್ತು ಮಾತಾಡಿದ್ದು: ಎರಡನೇ ಅಧ್ಯಾಯಕ್ಕೆ ನಾಲೆ ಬರೋಕೆ ಮುಂಚಿನ ಬೇಸಾಯದ ಭಾಗ ಸೇರಿಸೋದು, ಮೂರನೇದನ್ನ ಸದ್ಯಕ್ಕೆ ಬಿಡೋದು, ಮುಂದಿನ ಡ್ರಾಫ್ಟ್ 20ನೇ ತಾರೀಕು ಕೊಡ್ತೀನಿ" ಅಷ್ಟೇ. ಅವ್ರು ರಿಪ್ಲೈ ಮಾಡ್ದೇ ಇದ್ರೂ ಪರವಾಗಿಲ್ಲ, ಆರು ತಿಂಗಳಾದ್ಮೇಲೆ "ಮೂರನೇ ಅಧ್ಯಾಯ ಯಾಕೆ ಬರ್ದಿಲ್ಲ" ಅಂತ ಕೇಳ್ದಾಗ ನಿಮ್ ಹತ್ರ ಉತ್ತರ ಇರತ್ತೆ, ಜಗಳ ಇಲ್ದೇ ಆಗತ್ತೆ. ವಾಟ್ಸಾಪ್‌ನಲ್ಲಿ ಬೇಡ, ಅಲ್ಲಿ ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯ ಹುಡುಕೋಕಾಗಲ್ಲ. ಮತ್ತೆ ಗೈಡ್ ಹತ್ರ ಖಾಲಿ ಕೈಲಿ ಹೋಗ್ಬೇಡಿ, "ಸರ್ ಏನ್ ಮಾಡ್ಲಿ" ಅಂತ ಕೇಳೋ ಬದ್ಲು "ಹಿಂಗ್ ಮಾಡ್ಲಾ ಹಂಗ್ ಮಾಡ್ಲಾ" ಅಂತ ಎರಡು ದಾರಿ ಬರ್ಕೊಂಡು ಹೋಗಿ, ಬ್ಯುಸಿ ಇರೋ ಮನುಷ್ಯನೂ ಒಂದಕ್ಕೆ ಟಿಕ್ ಹಾಕ್ತಾನೆ. ಆರು ತಿಂಗಳಿಗೊಂದ್ಸಲ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ ಪ್ರೋಗ್ರೆಸ್ ತೋರಿಸ್ಬೇಕಲ್ಲ, ಆ ರಿಪೋರ್ಟಿಗೆ ಈ ಮೇಲ್‌ಗಳನ್ನ ಜೋಡಿಸಿದ್ರೆ ಮುಕ್ಕಾಲು ಕೆಲ್ಸ ಆಯ್ತು. ಆ ಪ್ರೆಸೆಂಟೇಶನ್‌ನ ಶಾಸ್ತ್ರಕ್ಕೆ ಅಂತ ಮಾಡ್ಬೇಡಿ, ನಿಮ್ ಗೈಡ್ ಬಿಟ್ಟು ಬೇರೆಯೋರು ನಿಮ್ ಕೆಲ್ಸದ ಬಗ್ಗೆ ಬಾಯ್ಬಿಡೋ ಜಾಗ ಅದೊಂದೇ.

ಟೈಮ್ ಲೆಕ್ಕ ಹಿಂಗಿದೆ. ಕೋರ್ಸ್‌ವರ್ಕ್ (ಶುರುವಲ್ಲಿರೋ ಪಾಠ, ಪರೀಕ್ಷೆ) ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ರೀರಿಜಿಸ್ಟ್ರೇಶನ್ ಮಾಡಿದ್ರೆ ಇನ್ನೆರಡು. ಹೆಣ್ಮಕ್ಕಳಿಗೆ ಮತ್ತೆ ಶೇಕಡ 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರೋರಿಗೆ ಮತ್ತೂ ಎರಡು ವರ್ಷ, ಒಟ್ಟು ಹತ್ತು ದಾಟಂಗಿಲ್ಲ. ಹೆರಿಗೆ, ಮಗು ನೋಡ್ಕೊಳೋಕೆ 240 ದಿನದವರೆಗೆ ರಜೆ ಇದೆ. ಮದ್ವೆ ಆಗಿ ಊರು ಬಿಡೋ ಹಂಗಾದ್ರೆ ಹೆಣ್ಮಕ್ಕಳು ತಮ್ಮ ರಿಸರ್ಚ್‌ನ ಬೇರೆ ಯೂನಿವರ್ಸಿಟಿಗೆ ವರ್ಗಾಯಿಸ್ಕೊಳೋಕೂ ನಿಯಮದಲ್ಲಿ ಅವಕಾಶ ಇದೆ, ಇದು ಬಾಳ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ದೇನೇ ಎಷ್ಟೋ ಜನ ಬಿಟ್ಟೋಗಿದಾರೆ. ಆಫೀಸಲ್ಲಿ ಯಾರಾದ್ರೂ "ಅಂಗೆಲ್ಲಾ ಇಲ್ಲಮ್ಮ" ಅಂದ್ರೆ ನಿಯಮದ ಪ್ರಿಂಟ್ ತಗೊಂಡು ಹೋಗಿ, ಅರ್ಜಿ ಬರ್ದು ಕೊಟ್ಟು ಸೀಲ್ ಹಾಕಿಸ್ಕೊಂಡ್ ಬನ್ನಿ. ಸೀಲ್ ಬಿದ್ದ ಕಾಪಿ ಇಲ್ದೇ ಇರೋ ಅರ್ಜಿ ಕೊಟ್ಟಿಲ್ಲ ಅಂತಲೇ ಲೆಕ್ಕ.

ದುಡ್ಡು. ಜೆಆರ್‌ಎಫ್ ಇದ್ರೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್‌ಗೆ (ಸೀನಿಯರ್ ಫೆಲೋಶಿಪ್) ಏರಿದ್ರೆ 42,000, ಇದರ ಮೇಲೆ ಹಾಸ್ಟೆಲ್ ಇಲ್ದೇ ಇರೋರಿಗೆ ಎಚ್‌ಆರ್‌ಎ, ಅಂದ್ರೆ ಮನೆ ಬಾಡಿಗೆ ಭತ್ಯೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಪ್ರತಿ ತಿಂಗಳು ನಿಮ್ ಯೂನಿವರ್ಸಿಟಿ ಕಡೆಯಿಂದ ಕನ್ಫರ್ಮೇಶನ್ ಹೋದ್ರೇನೇ ದುಡ್ಡು ಬರೋದು, ಆ ಕೆಲ್ಸ ನೋಡ್ಕೊಳೋ ಗುಮಾಸ್ತರು ರಜಾ ಹಾಕಿದ್ರೂ ನಿಮ್ ಅಕೌಂಟ್ ಖಾಲಿನೇ. ಹಾಗಾಗಿ ಮೊದಲ್ನೇ ಸಲ ಅರಿಯರ್ಸ್ ಒಟ್ಟಿಗೆ ಬಂದಾಗ ಗಾಡಿ ಬುಕ್ ಮಾಡ್ಬೇಡಿ, ಮೂರು ತಿಂಗಳ ಖರ್ಚು ಪಕ್ಕಕ್ಕಿಡಿ. ಫೆಲೋಶಿಪ್ ಇಲ್ದೇ ಇರೋರು ಎಸ್‌ಸಿ ಮತ್ತೆ ಒಬಿಸಿ ರಾಷ್ಟ್ರೀಯ ಫೆಲೋಶಿಪ್, ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಕಡೆಯಿಂದ ಯಾವ್ಯಾವ ಅರ್ಜಿ ಕರೀತಾರೆ ಅಂತ ಕಣ್ಣಿಟ್ಟಿರಿ, ಜಾತಿ ಆದಾಯ ಸರ್ಟಿಫಿಕೇಟ್ ಅವಧಿ ಮುಗಿಯೋಕ್ ಮುಂಚೆನೇ ಹೊಸದು ಮಾಡಿಸಿ ಇಟ್ಕೊಂಡಿರಿ. ಗೆಸ್ಟ್ ಫ್ಯಾಕಲ್ಟಿ ಕೆಲ್ಸ ಸಿಗತ್ತೆ, ಆದ್ರೆ ಫುಲ್‌ಟೈಮ್ ಫೆಲೋಶಿಪ್ ತಗೊಳ್ತಾ ಸಂಬಳನೂ ತಗೊಂಡ್ರೆ ಆಮೇಲೆ ವಾಪಸ್ ಕಟ್ಟೋ ಪರಿಸ್ಥಿತಿ ಬರತ್ತೆ, ಹುಷಾರು.

ನಮ್ ಮೈಸೂರಲ್ಲಿ ಇರೋ ಜಾಗ ಅಂದ್ರೆ ಹಾಸ್ಟೆಲ್ ಸಿಕ್ಕಿದ್ರೆ ಹಾಸ್ಟೆಲ್ಲೇ. ಇಲ್ಲಾಂದ್ರೆ ಸರಸ್ವತಿಪುರಂ, ಪಡುವಾರಹಳ್ಳಿ, ಬೋಗಾದಿ ರೋಡ್ ಕಡೆ ನೋಡಿ, ಮಾನಸಗಂಗೋತ್ರಿಗೆ (ಮೈಸೂರು ಯೂನಿವರ್ಸಿಟಿ ಕ್ಯಾಂಪಸ್) ನಡ್ಕೊಂಡೋ ಸೈಕಲ್ಲಲ್ಲೋ ಬರ್ಬೋದು. ಗೋಕುಲಂ ಕಡೆ ಯೋಗ ಕಲಿಯೋಕೆ ಬರೋ ಫಾರಿನರ್ಸ್ ಬಾಡಿಗೆ ಏರ್ಸಿಟ್ಟಿದಾರೆ. ಮಂಡ್ಯದಿಂದ ಓಡಾಡೋರು ಇದಾರೆ, ಸುಮಾರು 45 ಕಿಲೋಮೀಟರ್, ಟ್ರೈನಲ್ಲಿ ಸೀಟ್ ಸಿಕ್ಕಿದ್ರೆ ಹೋಗ್ತಾ ಬರ್ತಾ ಓದೋಕೂ ಆಗತ್ತೆ, ಬಸ್ಸಲ್ಲಿ ಅದಾಗಲ್ಲ. ಹೆಣ್ಮಕ್ಕಳಿಗೆ 2023ರ ಜೂನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಫ್ರೀ ಇರೋದ್ರಿಂದ ಫೀಲ್ಡ್‌ವರ್ಕ್ ಓಡಾಟದ ಖರ್ಚು ಅರ್ಧಕ್ಕರ್ಧ ಇಳ್ದಿದೆ, ಇದು ಯಾವ ಫೆಲೋಶಿಪ್ಪಿಗೂ ಕಮ್ಮಿ ಇಲ್ಲ.

ಓದೋ ಸಾಮಗ್ರಿ ವಿಷ್ಯದಲ್ಲಿ ಮೈಸೂರಲ್ಲಿರೋರು ಪುಣ್ಯ ಮಾಡಿರೋರು. ಗಂಗೋತ್ರಿ ಲೈಬ್ರರಿ ಒಂದೇ ಅಲ್ಲ, ಪಕ್ಕದಲ್ಲೇ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಭಾಷೆ ಕಡೆಯೋರಿಗೆ ಭಾರತೀಯ ಭಾಷಾ ಸಂಸ್ಥಾನ, ಆಹಾರದ ಕಡೆಯೋರಿಗೆ ಸಿಎಫ್‌ಟಿಆರ್‌ಐ, ಮಾತು ಶ್ರವಣದ ಕಡೆಯೋರಿಗೆ ಆಯಿಷ್, ಹಸ್ತಪ್ರತಿ ಬೇಕಾದೋರಿಗೆ 1891ರ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ಅಲ್ಲೇ ತಾನೇ, ಅಲ್ಲಿ ಲೈಬ್ರೇರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನ 1909ರಲ್ಲಿ ಅಚ್ಚು ಹಾಕಿಸಿದ್ರು. ಅಂದ್ರೆ ಲೈಬ್ರರಿ ಸಿಬ್ಬಂದಿನ ಪುಸ್ತಕ ಎತ್ಕೊಡೋರು ಅಂತ ಮಾತ್ರ ನೋಡ್ಬೇಡಿ, ಯಾವ ಬೀರುವಲ್ಲಿ ಏನಿದೆ ಅನ್ನೋದು ಕ್ಯಾಟಲಾಗಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬೇರೆ ಸಂಸ್ಥೆಗೆ ಹೋಗುವಾಗ ಗೈಡ್ ಸೈನ್ ಮಾಡಿರೋ ಪರಿಚಯ ಪತ್ರ ಒಂದು ಹತ್ತು ಕಾಪಿ ಬ್ಯಾಗಲ್ಲಿರಲಿ, ತಾರೀಕಿನ ಜಾಗ ಮಾತ್ರ ಖಾಲಿ ಬಿಟ್ಟು. ಇಂಗ್ಲಿಷ್ ಜರ್ನಲ್‌ಗಳಿಗೆ ದುಡ್ಡು ಕೊಡ್ಬೇಡಿ, 2025ರ ಜನವರಿಯಿಂದ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಶುರುವಾಗಿ ಸರ್ಕಾರಿ ಕಾಲೇಜು ಯೂನಿವರ್ಸಿಟಿಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗೋ ಹಂಗಾಗಿದೆ, ನಿಮ್ ಸಂಸ್ಥೆದು ನೋಂದಣಿ ಆಗಿದ್ಯಾ ಅಂತ ಲೈಬ್ರರಿಯಲ್ಲಿ ಕೇಳಿ ಲಾಗಿನ್ ತಗೊಳಿ.

ಓದಿದ್ದನ್ನ ಓದಿದ ದಿನವೇ ಜೊಟೇರೊಗೆ ಹಾಕಿ, ಫ್ರೀ ಸಾಫ್ಟ್‌ವೇರ್, ಅಡಿಟಿಪ್ಪಣಿ ಗ್ರಂಥಋಣ ಎಲ್ಲಾ ಅದೇ ಮಾಡ್ಕೊಡತ್ತೆ. ಕನ್ನಡ ಪುಸ್ತಕಗಳ ವಿವರ ಕೈಯಲ್ಲೇ ಟೈಪ್ ಮಾಡ್ಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡಿ, ಪ್ರಕಾಶಕರು, ಊರು, ವರ್ಷ, ಎಷ್ಟನೇ ಮುದ್ರಣ, ಪುಟ ಇಷ್ಟನ್ನೂ ಪುಸ್ತಕ ಕೈಯಲ್ಲಿರುವಾಗಲೇ ಹಾಕಿ. ಥೀಸಿಸ್ ಕೊನೇ ವಾರದಲ್ಲಿ ಒಂದು ಪುಟದ ನಂಬರಿಗೆ ಲೈಬ್ರರಿ ಸುತ್ತೋರನ್ನ ನೋಡಿದ್ರೆ ಅಯ್ಯೋ ಅನ್ಸತ್ತೆ.

ಕನ್ನಡದಲ್ಲಿ ಥೀಸಿಸ್ ಬರೆಯೋರಿಗೆ ಒಂದು ಮಾತು ಒತ್ತಿ ಹೇಳ್ತೀನಿ, ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ, ಬರಹ ಸಾಫ್ಟ್‌ವೇರ್‌ಗಳ ಆಸ್ಕಿ ಫಾಂಟಲ್ಲಿ ಮಾಡಿದ್ರೆ ಡಿಟಿಪಿ ಸೆಂಟರ್‌ನೋರಿಗೆ ಸುಲಭ, ನಿಮಗಲ್ಲ. ಆ ಫೈಲಲ್ಲಿ ಕಂಪ್ಯೂಟರಿಗೆ ಕಾಣೋದು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ, ಫಾಂಟ್ ಮಾತ್ರ ಅದನ್ನ ಕನ್ನಡದ ಥರ ತೋರಿಸ್ತಿರತ್ತೆ, ಹಂಗಾಗಿ ಫಾಂಟ್ ಇಲ್ದೇ ಇರೋ ಕಂಪ್ಯೂಟರಲ್ಲಿ ತೆಗೆದ್ರೆ ಏನೂ ಓದೋಕಾಗಲ್ಲ, ಯುನಿಕೋಡ್‌ನಲ್ಲಿ ಟೈಪ್ ಮಾಡಿ ಒಂದು ಪದ ಹುಡುಕಿದ್ರೆ ಸಿಗಲ್ಲ. ಕೊನೇಲಿ ಕನ್ವರ್ಟ್ ಮಾಡಿಸ್ತೀನಿ ಅಂದ್ರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಪಲ್ಟಿ ಹೊಡ್ದಿರತ್ತೆ, ಮುನ್ನೂರು ಪುಟದಲ್ಲಿ ಅದನ್ನ ಕಣ್ಣಲ್ಲೇ ಹುಡುಕ್ಬೇಕು. ವರ್ಡಲ್ಲಿ ಹೆಡಿಂಗ್ ಸ್ಟೈಲ್ ಹಾಕೋದು, ಪರಿವಿಡಿ ತಾನಾಗೇ ಬರೋ ಹಂಗ್ ಮಾಡೋದು ಒಂದು ಮಧ್ಯಾಹ್ನ ಕೂತು ಕಲೀರಿ. ಫೈಲ್ ಮೂರು ಕಡೆ ಇರಲಿ, ಲ್ಯಾಪ್‌ಟಾಪ್, ಗೂಗಲ್ ಡ್ರೈವ್, ಮತ್ತೆ ಮನೇಲಿ ಒಂದು ಹಾರ್ಡ್‌ಡಿಸ್ಕ್. ಹೆಸರು "ಫೈನಲ್", "ಫೈನಲ್ ಹೊಸದು", "ನಿಜವಾದ ಫೈನಲ್" ಅಂತ ಇಡ್ಬೇಡಿ, ತಾರೀಕು ಹಾಕಿ ಸಾಕು.

ಈಗ ಫೀಲ್ಡ್‌ವರ್ಕ್, ಇದ್ರ ಬಗ್ಗೆ ಯಾವ ಕೋರ್ಸ್‌ವರ್ಕಲ್ಲೂ ಸರ್ಯಾಗಿ ಹೇಳಲ್ಲ. ಪ್ರಶ್ನಾವಳಿ ಮಾಡಿ, ಸ್ಯಾಂಪಲ್ ತಗೊಳಿ ಅಂತಾರೆ, ಊರೊಳಗೆ ಹೋದ್ಮೇಲೆ ಏನಾಗತ್ತೆ ಅಂತ ಹೇಳಲ್ಲ. ಮಂಡ್ಯ ಕಡೆ ಆಲೆಮನೆ ಬಗ್ಗೆ ಕೆಲ್ಸ ಮಾಡ್ತೀರಾ ಅಂದ್ಕೊಳಿ. ಕಾರ್ ತಗೊಂಡು ಫೈಲ್ ಹಿಡ್ಕೊಂಡು ಹೋದ್ರೆ ಮೊದಲ್ನೇ ಪ್ರಶ್ನೆ ನಿಮಗೇ ಬೀಳತ್ತೆ, "ಯಾವ್ ಡಿಪಾರ್ಟ್‌ಮೆಂಟು ಸಾ, ಬೆಲ್ಲಕ್ಕೆ ಏನ್ ಹಾಕ್ತೀವಿ ಅಂತ ನೋಡಕ್ ಬಂದ್ರಾ?" ಅಂತ. ಆಗ ಯೂನಿವರ್ಸಿಟಿ ಐಡಿ ತೋರಿಸಿ ಒಂದೇ ವಾಕ್ಯದಲ್ಲಿ ನೀವ್ಯಾರು, ಈ ಮಾತು ಎಲ್ಲಿಗೆ ಹೋಗತ್ತೆ ಅಂತ ಹೇಳ್ಬೇಕು. ಗಾಣ ಓಡ್ತಿರುವಾಗ ರೆಕಾರ್ಡ್ ಮಾಡಿದ್ರೆ ಬರೀ ಮೋಟರ್ ಸದ್ದೇ ಬರೋದು, ಕೊಪ್ಪರಿಗೇಲಿ ಕಬ್ಬಿನ ಹಾಲು ಕುದ್ದು ಪಾಕಕ್ಕೆ ಬರೋ ಹೊತ್ತಲ್ಲಂತೂ ಯಾರ್ನೂ ಮಾತಾಡಿಸ್ಬೇಡಿ, ಒಂದೆರಡು ನಿಮಿಷ ಆಚೆ ಈಚೆ ಆದ್ರೂ ಬೆಲ್ಲ ಕೆಡತ್ತೆ, ನಿಮ್ ಥೀಸಿಸ್‌ಗೋಸ್ಕರ ಅವ್ರು ಒಂದು ಕೊಪ್ಪರಿಗೆ ಬೆಲ್ಲ ಹಾಳ್ ಮಾಡ್ಕೋಬೇಕಾ. ಪಾಕ ಇಳ್ಸಿ ಅಚ್ಚಿಗೆ ಸುರ್ದಾದ್ಮೇಲೆ ಬೀಡಿ ಹಚ್ಕೊಂಡು ಕೂರ್ತಾರಲ್ಲ, ಆಗ ಹೋಗಿ ಪಕ್ಕದಲ್ಲಿ ಕೂತ್ಕೊಳಿ, ಪ್ರಶ್ನಾವಳಿ ಬ್ಯಾಗಲ್ಲೇ ಇರಲಿ. ಮಾಲೀಕರ ಹತ್ರ ಮಾತ್ರ ಮಾತಾಡಿ ವಾಪಸ್ ಬರ್ಬೇಡಿ, ಒಲೆಗೆ ಸಿಪ್ಪೆ ಹಾಕೋರ ಲೆಕ್ಕ ಬೇರೆನೇ ಇರತ್ತೆ, ಎರಡೂ ಒಂದಕ್ಕೊಂದು ಹೊಂದದೇ ಇರೋ ಜಾಗದಲ್ಲೇ ನಿಮ್ಮ ಅಧ್ಯಾಯ ಇರೋದು.

ವಾಪಸ್ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ರೂ ಅವತ್ತಿನ ಟಿಪ್ಪಣಿ ಬರೀಲೇಬೇಕು. ತಾರೀಕು, ಊರು, ಹೋಬಳಿ, ಯಾರ ಜೊತೆ, ರೆಕಾರ್ಡಿಂಗಿಗೆ ಒಪ್ಪಿದ್ರಾ, ಹೆಸರು ಹಾಕ್ಬೋದಾ ಬೇಡ್ವಾ. ಬೆಳಗ್ಗೆ ಬರೀತೀನಿ ಅಂದ್ರೆ ಅವ್ರು ಆಡಿದ ಮಾತು ಹೋಗಿ ನಿಮ್ ಗ್ರಾಂಥಿಕ ಭಾಷೆ ಬಂದಿರತ್ತೆ. ಅವ್ರು ಅಂದಿದ್ದು ಅವರ ಮಾತಲ್ಲೇ ಇರಲಿ, "ಆಯ್ತದೆ ಬುಡಿ" ಅಂದ್ರೆ ಅದು "ಆಗುತ್ತದೆ" ಅಲ್ಲ, ಬೇಡ ಅನ್ನೋಕೂ ಹಂಗೇ ಅಂತಾರೆ. ಚುನಾವಣೆ, ಹಬ್ಬ, ನಾಟಿ ಟೈಮ್ ಬಿಟ್ಟು ಪ್ಲಾನ್ ಮಾಡ್ಕೊಳಿ. ಲ್ಯಾಬ್‌ನೋರಿಗೂ ಇದೇ, ದಸರಾ ರಜೇಲಿ ಸ್ಟೋರ್ ಮುಚ್ಚಿದ್ರೆ ಕೆಮಿಕಲ್ ಸಿಗಲ್ಲ, ಮುಂಚೆನೇ ತರಿಸಿಡಿ.

ಬರೆಯೋಕೆ ಒಂದು ಹೊತ್ತು ಗೊತ್ತು ಮಾಡ್ಕೊಳಿ. ದಿನಕ್ಕೆ ಒಂದು ಪುಟ ಆದ್ರೂ ಸಾಕು, ಕೆಟ್ಟದಾಗಿದ್ರೂ ಸಾಕು, ಕೆಟ್ಟ ಪುಟನ ತಿದ್ಬೋದು, ಬರೀದೇ ಇರೋದನ್ನ ಏನ್ ತಿದ್ತೀರಾ. ಮೊದಲ್ನೇ ಅಧ್ಯಾಯ ಮೊದ್ಲು ಬರೀಬೇಕು ಅಂತೇನಿಲ್ಲ, ಪ್ರಸ್ತಾವನೆ ಕೊನೇಲಿ ಬರೆಯೋದೇ ವಾಸಿ, ಕೈಯಲ್ಲಿ ಸಾಮಗ್ರಿ ಜಾಸ್ತಿ ಇರೋ ಅಧ್ಯಾಯದಿಂದ ಶುರು ಮಾಡಿ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ಕೊಂಡು ಬಂದು ಕೂತ್ರೆ ಚೆನ್ನಾಗಿ ಓಡತ್ತೆ, ಆದ್ರೆ ಕೆರೆ ಏರಿ ಮೇಲೆ ಸಿಗೋ ರಿಟೈರ್ಡ್ ಮೇಷ್ಟ್ರುಗಳ ಹತ್ರ "ಎಲ್ಲೀಗ್ ಬಂತಪ್ಪಾ ಥೀಸಿಸ್ಸು" ಅಂತ ಕೇಳಿಸ್ಕೊಳೋಕೆ ರೆಡಿ ಇರಿ.

ಪಬ್ಲಿಕೇಶನ್. ಯುಜಿಸಿ 2022ರಲ್ಲಿ ಪೇಪರ್ ಪಬ್ಲಿಶ್ ಮಾಡ್ಲೇಬೇಕು ಅನ್ನೋ ಕಡ್ಡಾಯ ತೆಗೆದಿದೆ, ಆದ್ರೆ ನಿಮ್ ಯೂನಿವರ್ಸಿಟಿ ಆರ್ಡಿನೆನ್ಸ್‌ನಲ್ಲಿ ಇರ್ಬೋದು, ಅದನ್ನ ಓದಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ ಆಗಿದ್ದ ಕೇರ್ ಲಿಸ್ಟನ್ನೂ 2025ರ ಫೆಬ್ರವರೀಲಿ ನಿಲ್ಲಿಸಿದಾರೆ, ಹಂಗಾಗಿ "ಯುಜಿಸಿ ಕೇರ್ ಜರ್ನಲ್, 2500 ರೂಪಾಯಿ, ಮೂರು ದಿನದಲ್ಲಿ ಸರ್ಟಿಫಿಕೇಟ್" ಅಂತ ಈಗ್ಲೂ ಮೆಸೇಜ್ ಬಂದ್ರೆ ನೇರ ಬ್ಲಾಕ್ ಮಾಡಿ. ಒಳ್ಳೇ ಜರ್ನಲ್ ಯಾವ್ದು ಅಂತ ತಿಳ್ಕೊಳೋಕೆ ಸುಲಭ ದಾರಿ, ನೀವು ಥೀಸಿಸ್‌ನಲ್ಲಿ ಪದೇಪದೇ ಉಲ್ಲೇಖ ಮಾಡ್ತಿರೋ ಲೇಖನಗಳು ಎಲ್ಲಿ ಬಂದಿವೆ ನೋಡಿ, ಅಲ್ಲಿಗೇ ಕಳಿಸಿ. ರಿಜೆಕ್ಟ್ ಆಗತ್ತೆ, ಎಲ್ಲರ್ದೂ ಆಗತ್ತೆ, ಅದರ ಜೊತೆ ಬರೋ ರಿವ್ಯೂ ಫ್ರೀಯಾಗಿ ಸಿಕ್ಕ ಟ್ಯೂಶನ್ ಅಂದ್ಕೊಂಡು ತಿದ್ದಿ ಬೇರೆ ಕಡೆ ಕಳಿಸಿ.

ಕೃತಿಚೌರ್ಯ ಚೆಕ್ ಬಗ್ಗೆ ಸುಮ್ನೆ ಭಯ ಪಡ್ತಾರೆ. 2018ರ ಯುಜಿಸಿ ನಿಯಮದಲ್ಲಿ ಶೇಕಡ 10ರವರೆಗೆ ದಂಡನೆ ಇಲ್ಲ, 10ರಿಂದ 40 ಆದ್ರೆ ಆರು ತಿಂಗಳೊಳಗೆ ತಿದ್ದಿ ಕೊಡ್ಬೇಕು, 40ರಿಂದ 60 ಆದ್ರೆ ಒಂದು ವರ್ಷ ಸಲ್ಲಿಸಂಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ಮೂಲ ಹೇಳಿ ಉಲ್ಲೇಖ ಮಾಡಿರೋದು, ಗ್ರಂಥಋಣ ಲೆಕ್ಕಕ್ಕೆ ಬರಲ್ಲ. ಟಿಪ್ಪಣಿ ಮಾಡ್ಕೊಳುವಾಗಲೇ ಬೇರೆಯೋರ ವಾಕ್ಯಕ್ಕೆ ಉದ್ಧರಣ ಚಿಹ್ನೆ ಹಾಕಿಟ್ರೆ ಈ ತಲೆನೋವೇ ಬರಲ್ಲ. ಚಾಟ್‌ಜಿಪಿಟಿ ಕೈಲಿ ಗ್ರಂಥಋಣ ಮಾತ್ರ ಮಾಡಿಸ್ಬೇಡಿ, ಇಲ್ದೇ ಇರೋ ಪುಸ್ತಕನ ಪುಟದ ನಂಬರ್ ಸಮೇತ ಕೊಡತ್ತೆ, ವೈವಾದಲ್ಲಿ (ಕೊನೇ ಮೌಖಿಕ ಪರೀಕ್ಷೆ) ಎಕ್ಸಾಮಿನರ್ ಆ ಪುಸ್ತಕ ಕೇಳಿದ್ರೆ ಎಲ್ಲಿಂದ ತರ್ತೀರಾ.

ಮನೆ ಕಡೆ ಒತ್ತಡ ಇರತ್ತೆ, "ಇನ್ನೂ ಓದ್ತಾನೇ ಇದೀಯಾ, ನಿನ್ ಜೊತೆಯೋರಿಗೆ ಮಕ್ಳು ಸ್ಕೂಲಿಗ್ ಹೋಗ್ತಿವೆ" ಅಂತ. ಓದ್ತಿದೀನಿ ಅನ್ಬೇಡಿ, ಕೆಲ್ಸ ಮಾಡ್ತಿದೀನಿ ಅನ್ನಿ, ತಿಂಗಳಿಗೆ ಇಷ್ಟು ಬರತ್ತೆ ಅನ್ನಿ, ಅರ್ಧ ಬಾಯಿ ಮುಚ್ಚತ್ತೆ. ಆದ್ರೆ ರಾತ್ರಿ ನಿದ್ದೆ ಬರ್ತಿಲ್ಲ, ಡಿಪಾರ್ಟ್‌ಮೆಂಟ್ ಕಡೆ ಕಾಲೇ ಹೋಗ್ತಿಲ್ಲ, ಗೈಡ್ ಫೋನ್ ಬಂದ್ರೆ ಎದೆ ಹೊಡ್ಕೊಳತ್ತೆ ಅನ್ನೋ ಹಂಗಾದ್ರೆ ಅದನ್ನ ಸೋಮಾರಿತನ ಅಂತ ನಿಮ್ಮನ್ನ ನೀವೇ ಬೈಕೋಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ಬೋದು. ಜೊತೆಗೆ ಬೇರೆ ಡಿಪಾರ್ಟ್‌ಮೆಂಟಿನ ಇಬ್ರು ಮೂವರು ಸ್ನೇಹಿತರಿರಲಿ, ವಾರಕ್ಕೊಂದ್ಸಲ ಸೇರಿ ಒಬ್ರು ಬರ್ದಿದ್ದನ್ನ ಇನ್ನೊಬ್ರು ಓದಿ, ಒಂದೇ ಗೈಡ್ ಕೆಳಗಿರೋರ ಜೊತೆ ಇದು ಅಷ್ಟು ಚೆನ್ನಾಗ್ ನಡೆಯಲ್ಲ, ಪೈಪೋಟಿ ಬಂದ್ಬಿಡತ್ತೆ.

ಸಬ್ಮಿಶನ್ ಹೊತ್ತಿಗೆ ಬೈಂಡಿಂಗ್ ಅಂಗಡಿಗೆ ಹೋಗೋಕೆ ಎರಡು ವಾರ ಮುಂಚೆ ಫೀಸ್ ರಶೀದಿಗಳು, ಕೋರ್ಸ್‌ವರ್ಕ್ ಮಾರ್ಕ್ಸ್ ಕಾರ್ಡ್, ಪ್ರೋಗ್ರೆಸ್ ರಿಪೋರ್ಟ್‌ಗಳು, ಬಾಕಿ ಇಲ್ಲ ಅನ್ನೋ ನೋ ಡ್ಯೂ ಸರ್ಟಿಫಿಕೇಟ್ ಎಲ್ಲಾ ಒಂದು ಫೈಲಿಗೆ ಹಾಕಿ. ಒಂದೇ ಒಂದು ಹಳೇ ರಶೀದಿ ಇಲ್ಲ ಅಂತ ತಿಂಗಳುಗಟ್ಲೆ ನಿಂತಿರೋ ಥೀಸಿಸ್‌ಗಳಿವೆ. ಥೀಸಿಸ್‌ನ ಗೈಡ್ ಬಿಟ್ಟು ಹೊರಗಿನ ಇಬ್ರು ಎಕ್ಸಾಮಿನರ್ ನೋಡ್ಬೇಕು, ಸಲ್ಲಿಸಿದ ಆರು ತಿಂಗಳೊಳಗೆ ವೈವಾ ಸೇರಿ ಎಲ್ಲಾ ಮುಗೀಬೇಕು ಅಂತ ನಿಯಮ ಇದೆ, ಆದ್ರೆ ನೀವು ಸುಮ್ನೆ ಕೂತ್ರೆ ಅದೂ ಸುಮ್ನೆ ಕೂರತ್ತೆ, ತಿಂಗಳಿಗೊಂದು ಪತ್ರ ಕೊಟ್ಟು ಸೀಲ್ ಹಾಕಿಸ್ಕೊಳ್ತಾ ಇರಿ. ವೈವಾಗೆ ಮುಂಚೆ ನಿಮ್ ಥೀಸಿಸ್‌ನ ನೀವೇ ಇನ್ನೊಂದ್ಸಲ ಓದಿ, ನಿಜವಾಗ್ಲೂ ಎಷ್ಟೋ ಜನ ಓದಿರಲ್ಲ. ಗೊತ್ತಿಲ್ದೇ ಇರೋದನ್ನ ಕೇಳಿದ್ರೆ "ಆ ಕಡೆ ನಾನು ಹೋಗಿಲ್ಲ ಸರ್, ನನ್ನ ವ್ಯಾಪ್ತಿ ಇಷ್ಟು" ಅಂತ ಹೇಳಿ ಸಾಕು. ಕೊನೇದಾಗಿ ಡಿಗ್ರಿ ಅರ್ಜಿ ತುಂಬುವಾಗ ನಿಮ್ ಹೆಸರು, ಇನಿಷಿಯಲ್ ಎಸೆಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋ ಥರಾನೇ ಇದ್ಯಾ, ಆಧಾರಲ್ಲೂ ಅದೇ ಇದ್ಯಾ ಅಂತ ಅಕ್ಷರಕ್ಷರ ನೋಡಿ, ಆಮೇಲೆ ತಿದ್ದಿಸೋಕೆ ಅಫಿಡವಿಟ್ಟು, ಪೇಪರಲ್ಲಿ ಜಾಹೀರಾತು ಅಂತ ಮತ್ತೆ ಓಡಾಟ ಶುರುವಾಗತ್ತೆ.